ಉಂತೀಸ್ ಅಂದರೆ ಎಷ್ಟು?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕನ್ನಡ, ಉರ್ದು, ಲಂಬಾಣಿ ಮನೆಮಾತಿನ ಎಷ್ಟೋ ಮಕ್ಕಳು ಕನ್ನಡದಲ್ಲೇ ಎಣಿಕೆ ಕಲಿಯಬೇಕು. ನಾವು ಉರ್ದುವಿನಲ್ಲಿ ಮಗ್ಗಿ ಕಲಿತು ಕನ್ನಡಕ್ಕೆ ಬಂದವರು. ಇಪ್ಪತ್ತೊಂಬತ್ತಕ್ಕೆ ನಮ್ಮ ಮನೆಗಳಲ್ಲಿ 'ಉಂತೀಸ್' ಎನ್ನುತ್ತೇವೆ. ಮೂವತ್ತಕ್ಕೆ ಒಂದು ಕಡಿಮೆ ಎಂದರ್ಥ. ಕಿವಿಗೆ ಬೀಳುವುದು ಮಾತ್ರ 'ತೀಸ್', ಅಂದರೆ ಮೂವತ್ತು. ಮಗು 39 ಎಂದು ಬರೆದರೆ ಅದು ದಡ್ಡತನವಲ್ಲ, ಎರಡು ಭಾಷೆಗಳ ನಡುವಿನ ತೊಡಕು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಕಾರ್ಡು, ಗುಂಪು, ಕಲಿಕೆಯ ಏಣಿ. ಪ್ರತಿ ಮಗುವಿಗೂ ಅದರದೇ ವೇಗ. ವೇಗದ ಜೊತೆಗೆ ಮಗುವಿನ ಮಾತಿಗೂ ಅಲ್ಲಿ ಜಾಗ ಬೇಕು.

ಹತ್ತು ಹತ್ತು ಹುಣಸೆಬೀಜಗಳ ಮೂರು ಗುಂಪು ಮಾಡಿ, ಒಂದು ಬೀಜ ತೆಗೆಯಿರಿ. 'ನಿಮ್ಮ ಮನೆಯಲ್ಲಿ ಇದಕ್ಕೇನಂತೀರಿ?' ಎಂದು ಕೇಳಿ. ಮೂಲೆಯಲ್ಲಿ ಸುಮ್ಮನೆ ಕೂತ ಮಗು ಬಾಯಿಬಿಡುತ್ತದೆ.