ಗೆರೆ ಎಳೆಯುವ ಹೊತ್ತು

"ಮಲಗಬೇಡಿ ಅಮ್ಮಾ, ಎದ್ದು ಕೂತ್ಕೊಳ್ಳಿ," ಎನ್ನುತ್ತಾರೆ ಡಾಕ್ಟರಮ್ಮ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ಆಪರೇಷನ್ನಿನ ಹಿಂದಿನ ಸಂಜೆ. ಮಂಚದ ಸುತ್ತ ಪರದೆ ಎಳೆದಾಗಿದೆ. ಒಳಗೆ ಡಾಕ್ಟರಮ್ಮ, ನಿಮ್ಮಕ್ಕ, ನೀವು. ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ ಬಂದಿದ್ದೀರಿ. ಅಕ್ಕ ತಂದ ಚೀಲದ ಬಟ್ಟೆಯಲ್ಲಿ ಗೂಡು ಬೇಯಿಸಿದ ವಾಸನೆ ಇನ್ನೂ ಇದೆ. ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆಯ ಎಳೆ ಹುಡುಕುವುದು ಅವಳ ಕೆಲಸ. ಕೂದಲಿಗಿಂತ ಸಣ್ಣ ಎಳೆ ಗುರುತಿಸುವ ಆ ಬೆರಳುಗಳಿಗೇ ಬಲಗಡೆ ಎದೆಯ ಗಂಟೂ ಮೊದಲು ಸಿಕ್ಕಿತ್ತು.

ಡಾಕ್ಟರಮ್ಮನ ಕೈಯಲ್ಲಿ ನೇರಳೆ ಮಸಿಯ ಮಾರ್ಕರ್ ಪೆನ್ನು. "ಮಲಗಿದ್ರೆ ಎದೆ ಪಕ್ಕಕ್ಕೆ ಸರಿದುಬಿಡುತ್ತೆ. ಅದರ ನಿಜವಾದ ಅಂಚು ಎಲ್ಲಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಕೂತಾಗ ಗುರುತು ಹಾಕೋದು."

ಮೊದಲ ಗೆರೆ ಎದೆಯ ನಟ್ಟನಡುವೆ, ಮೇಲಿಂದ ಕೆಳಕ್ಕೆ. ಎರಡನೆಯದು ಸ್ತನದ ಕೆಳಗಿನ ಮಡಿಕೆಯಲ್ಲಿ. ಆಮೇಲೆ, "ದಿನಾ ಹಾಕೋ ರವಿಕೆ ತಂದಿದ್ದೀರಾ? ಒಮ್ಮೆ ತೊಟ್ಕೊಳ್ಳಿ," ಎನ್ನುತ್ತಾರೆ. ರವಿಕೆಯ ಕೊರಳಂಚಿನ ಗುಂಟ ನಾಲ್ಕು ಚುಕ್ಕಿ ಬೀಳುತ್ತವೆ. ಗಾಯದ ಗೆರೆ ಆ ಚುಕ್ಕಿಗಳಿಗಿಂತ ಮೇಲೆ ಬಾರದ ಹಾಗೆ ನೋಡಿಕೊಳ್ಳುವುದು ಅವರ ಲೆಕ್ಕ. ರವಿಕೆ ಕಳಚಿದ ಮೇಲೆ ಕೊನೆಯ ಗೆರೆ: ತೊಟ್ಟು, ಗಂಟಿನ ಮೇಲಿನ ಚರ್ಮ, ಬಯಾಪ್ಸಿ ಸೂಜಿ ಚುಚ್ಚಿದ ಜಾಗ, ಮೂರನ್ನೂ ಒಳಗೆ ಹಾಕಿಕೊಂಡು ಅಡ್ಡಲಾಗಿ ಒಂದು ಉದ್ದನೆಯ ಸುತ್ತು.

ಅಕ್ಕ ತಲೆ ಬಗ್ಗಿಸಿ ನೋಡುತ್ತಾಳೆ. "ಗೂಡಿದ್ದಂಗೈತೆ ಮೇಡಂ."

"ಹೌದು, ತುದಿ ಎರಡೂ ಚೂಪು ಅಷ್ಟೆ. ಇದರೊಳಗಿನ ಚರ್ಮ ತೆಗೆದು, ಮೇಲಿನ ಅಂಚನ್ನ ಕೆಳಗಿನ ಅಂಚಿಗೆ ಸೇರಿಸಿ ಹೊಲಿದ್ರೆ ಒಂದೇ ಅಡ್ಡಗೆರೆ ಆಗುತ್ತೆ. ಕಂಕುಳ ಕಡೆ ತುದಿಯನ್ನ ಸ್ವಲ್ಪ ಉದ್ದ ಎಳೆದಿದ್ದೀನಿ. ಇಲ್ಲಾಂದ್ರೆ ಅಲ್ಲಿ ಚರ್ಮ ಮುದ್ದೆಯಾಗಿ ನಿಂತು ಕೈ ಆಡಿಸಿದಾಗಲೆಲ್ಲ ಉಜ್ಜುತ್ತೆ. ಈ ಕಡೆ ಎದೆಯ ನಡುಮೂಳೆ ಮೇಲೆ ಮಾತ್ರ ಹೋಗಲ್ಲ. ಅಲ್ಲಿ ಗಾಯ ಆದ್ರೆ ದಪ್ಪಗೆ ಉಬ್ಬೋದು ಜಾಸ್ತಿ."

ಹಾಗೆ ಉಬ್ಬಿ, ಗಾಯದ ಎಲ್ಲೆ ಮೀರಿ ಬೆಳೆಯುವ ಕಲೆಗೆ ಕೆಲಾಯ್ಡ್ ಎನ್ನುತ್ತಾರೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ಹೆಚ್ಚು.

ಅಡ್ಡಗೆರೆಯೇ ಏಕೆ? ಚರ್ಮಕ್ಕೂ ಬಟ್ಟೆಯ ಹಾಗೆ ಎಳೆತದ ದಿಕ್ಕುಂಟು. 1861ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡು ಮೊನೆಯಿಂದ ಚುಚ್ಚಿ ನೋಡಿದ. ತೂತುಗಳು ದುಂಡಗೆ ಉಳಿಯದೆ ಸೀಳಿನ ಹಾಗೆ ಒಂದೊಂದು ದಿಕ್ಕಿಗೆ ಎಳೆದುಕೊಂಡವು. ಆ ಎಳೆತದ ಗುಂಟ ಕೊಯ್ದರೆ ಗಾಯದ ಮೇಲೆ ಜಗ್ಗಾಟ ಕಡಿಮೆ, ಕಲೆ ತೆಳ್ಳಗೆ ಕೂರುತ್ತದೆ. ಅಡ್ಡ ಕೊಯ್ತವನ್ನು 1915ರಲ್ಲಿ ಸ್ಟೀವರ್ಟ್ ಎಂಬ ಸರ್ಜನ್ ವಿವರಿಸಿದ. ಅದಕ್ಕೂ ಮುಂಚೆ, 1882ರಿಂದ, ಅಮೆರಿಕದ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಮಾಂಸಖಂಡವನ್ನೂ ತೆಗೆಯುತ್ತಿದ್ದ. ಬದುಕಿ ಉಳಿದವರ ಎದೆಯಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ದೊಡ್ಡ ಮಾಂಸಖಂಡವನ್ನು ಉಳಿಸಿಯೂ ಇದೇ ಆಪರೇಷನ್ ಮಾಡಬಹುದೆಂದು ಲಂಡನ್ನಿನ ಪೇಟಿ 1948ರಲ್ಲಿ ತೋರಿಸಿದ. ನಾಳೆ ಅಕ್ಕನಿಗೂ ಮಾಂಸಖಂಡ ಉಳಿಯುತ್ತದೆ.

ಪರದೆ ಸರಿಯುತ್ತದೆ. ಪಕ್ಕದ ಮಂಚದವರು ಚಿಂತಾಮಣಿಯವರು, ಹೊಸಕೋಟೆ ದಾರಿಯಲ್ಲಿ ಬಂದವರು. ಅವರ ಗಂಟು ಚಿಕ್ಕದು, ಸ್ತನ ಉಳಿದಿದೆ. ತೊಟ್ಟಿನ ಸುತ್ತಿನ ಬಳೆಗೆ ಸಮನಾಗಿ ಬಾಗಿದ ಪುಟ್ಟ ಗೆರೆ ಮೇಲ್ಭಾಗದಲ್ಲಿ ಒಂದು, ಕಂಕುಳ ಮಡಿಕೆಯೊಳಗೆ ಬೇರೆಯಾಗಿ ಇನ್ನೊಂದು. ಕೆಳಭಾಗದ ಗಂಟಾಗಿದ್ದರೆ ತೊಟ್ಟಿನಿಂದ ಕೆಳಕ್ಕೆ ನೇರ ಗೆರೆ ಹಾಕುವುದುಂಟು, ಅಲ್ಲಿ ಬಾಗಿದ ಕೊಯ್ತ ತೊಟ್ಟನ್ನು ಕೆಳಗೆ ಜಗ್ಗೀತೆಂದು. "ಪೂರ್ತಿ ತೆಗೆಸದಿದ್ರೆ ಹೆಂಗೆ ಅಂತ ಎಲ್ಲಾರೂ ಹೆದರಿಸಿದ್ರು," ಎನ್ನುತ್ತಾರೆ ಅವರು. ಚಿಕ್ಕ ಗಂಟನ್ನಷ್ಟೇ ತೆಗೆದು ರೇಡಿಯೇಷನ್, ವಾರ್ಡಿನವರ ಮಾತಿನಲ್ಲಿ 'ಕರೆಂಟು', ಕೊಟ್ಟರೆ ಪೂರ್ತಿ ತೆಗೆಸಿದಷ್ಟೇ ಆಯಸ್ಸು ಎಂಬುದನ್ನು ಇಟಲಿಯ ವೆರೊನೇಸಿ, ಅಮೆರಿಕದ ಫಿಶರ್ ಇಬ್ಬರೂ 20 ವರ್ಷ ರೋಗಿಗಳನ್ನು ಹಿಂಬಾಲಿಸಿ 2002ರಲ್ಲಿ ಜಗತ್ತಿನ ಮುಂದಿಟ್ಟರು.

ಆಚೆ ಮಂಚದಲ್ಲಿ ಗೌರಿಬಿದನೂರಿನ ಹೆಂಗಸು ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ. ಊರಿನ ಹತ್ತಿರದ ಯಾವುದೋ ನರ್ಸಿಂಗ್ ಹೋಮಿನಲ್ಲಿ "ಬರೀ ಕೊಬ್ಬಿನ ಗಂಟು" ಎಂದು, ಸೂಜಿ ಪರೀಕ್ಷೆಯನ್ನೂ ಮಾಡದೆ ಕೊಯ್ದು ತೆಗೆದಿದ್ದರಂತೆ. ಆ ಕೊಯ್ತ ಎದೆಯ ಮೇಲ್ಭಾಗದಲ್ಲಿ ನೆಟ್ಟಗೆ ನಿಂತಿದೆ. ಒಳಗಿದ್ದದ್ದು ಕ್ಯಾನ್ಸರ್. ಹಳೆಯ ಗಾಯದ ದಾರಿಯಲ್ಲಿ ಅದರ ಕಣಗಳು ಉಳಿದಿರಬಹುದಾದ್ದರಿಂದ ಆ ಗೆರೆಯನ್ನೂ ಸುತ್ತಿನೊಳಗೆ ಸೇರಿಸಿ ತೆಗೆಯಲೇಬೇಕು. ನೇರಳೆ ಮಸಿ ಓರೆಯಾಗಿ, ರವಿಕೆಯ ಕೊರಳಿಗಿಂತ ಮೇಲಕ್ಕೆ ಏರಿದೆ. ನಿಮಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತದೆ. ಪೆನ್ಸಿಲ್ ಸೀಸದಷ್ಟು ತೆಳ್ಳನೆಯ ಎಳೆಯನ್ನು ತೆಗೆಯುವ ಒಂದು ಸೂಜಿ ಮೊದಲು ಚುಚ್ಚಿದ್ದರೆ ಸಾಕಿತ್ತು.

ಮರುದಿನ ಮಧ್ಯಾಹ್ನ ಅಕ್ಕ ಹೊರಗೆ ಬರುತ್ತಾಳೆ. ಪಕ್ಕೆಯಿಂದ ಇಳಿದ ಟ್ಯೂಬು, ಅದರ ತುದಿಗೆ ಡಬ್ಬಿ, ಡಬ್ಬಿಯಲ್ಲಿ ಕೆಂಪು ನೀರು. ಟ್ಯೂಬು ಜಾರದ ಹಾಗೆ ಚರ್ಮಕ್ಕೆ ಕಟ್ಟಿದ ಕಪ್ಪು ದಾರವನ್ನು ತೋರಿಸಿ ಸಿಸ್ಟರ್ ಹೇಳುತ್ತಾರೆ: "ಇದು ರೇಷ್ಮೆ." ಸಣ್ಣ ರೇಷ್ಮೆ ದಾರವೇ ಹೊಲಿಗೆಗೆ ಲೇಸೆಂದು 1913ರಲ್ಲಿ ವಾದಿಸಿ ಬರೆದವನೂ ಅದೇ ಹಾಲ್‌ಸ್ಟೆಡ್. ಅಕ್ಕ ಎಡಗೈಯ ಬೆರಳಿನಿಂದ ಆ ದಾರವನ್ನು ಮೆಲ್ಲಗೆ ಮುಟ್ಟಿ ನೋಡುತ್ತಾಳೆ. ಬಂದ ಮೇಲೆ ಮೊದಲ ಸಲ ಅವಳಿಗೆ ಗೊತ್ತಿರುವ ವಸ್ತುವೊಂದು ಸಿಕ್ಕಿದೆ.

ಡಬ್ಬಿಯ ನೀರನ್ನು ದಿನಾ ಅಳೆದು ಬರೆಯುವುದು ನಿಮ್ಮ ಪಾಲಿನ ಕೆಲಸ. ಎರಡು ದಿನ ಸತತವಾಗಿ 30 ಮಿ.ಲೀ.ಗಿಂತ ಕಡಿಮೆ ಬಂದ ಮೇಲೆ ಟ್ಯೂಬು ತೆಗೆಯುತ್ತಾರೆ. ಡ್ರೆಸಿಂಗ್ ಬಿಚ್ಚಿದ ದಿನ ಅಕ್ಕ ಕಣ್ಣು ಮುಚ್ಚಿಕೊಂಡು ನಿಮ್ಮನ್ನೇ ಕೇಳುತ್ತಾಳೆ, "ಹೆಂಗೈತೆ, ಹೇಳೇ."

ಚಪ್ಪಟೆ ಎದೆ. ಅದರ ಮೇಲೆ ಅಡ್ಡಲಾಗಿ ಕೆಂಪು ಗೆರೆ, ಊದಿದೆ. "ಒಂದೇ ಗೆರೆ ಅಕ್ಕ. ಅವರು ಎಳೆದ ಕಡೆಯೇ ಐತೆ." ಅವಳು ಕಣ್ಣು ತೆರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನೀವು ಅವಸರ ಮಾಡುವುದಿಲ್ಲ.

ಊರಿಗೆ ಬಂದ ಮೇಲೆ ತಿಂಗಳುಗಳು ನಿಧಾನ. ಗಾಯ ಪೂರ್ತಿ ಒಣಗಿದ ಮೇಲೆ ಬೆರಳಿಂದ ಮೆಲ್ಲಗೆ ಒತ್ತಿ ತಿಕ್ಕುವುದು, ದಿನಕ್ಕೆ 12 ಗಂಟೆ ಸಿಲಿಕಾನ್ ಹಾಳೆ ಅಂಟಿಸುವುದು. ಗೋಡೆಯ ಮೇಲೆ ಬೆರಳು ನಡೆಸುತ್ತ ಬಲಗೈಯನ್ನು ದಿನಾ ಒಂದಿಷ್ಟು ಮೇಲಕ್ಕೆ ಏರಿಸುವುದು. ಅಕ್ಕನಿಗೂ ಕರೆಂಟು ಕೊಟ್ಟಿದ್ದಾರೆ, ಆ ಜಾಗ ಕಪ್ಪಾಗಿ ಬಿಗಿಯುತ್ತದೆ. ತೋಳಿನ ಒಳಭಾಗ ಜೋಮು. ಕಂಕುಳ ಗ್ರಂಥಿ ತೆಗೆದ ಕೈ ಊದಿಕೊಳ್ಳಬಹುದು, ಸುಟ್ಟುಕೊಂಡರೆ, ಕೊಯ್ದುಕೊಂಡರೆ ಸೋಂಕಿನ ಅಪಾಯ. ಹಾಗಾಗಿ ಆ ಕೈ ಬಿಸಿನೀರಿನ ತೊಟ್ಟಿಯಿಂದ ದೂರ. ಕಲೆಯ ಕೆಂಪು ಇಳಿದು, ಮೆತ್ತಗಾಗಿ ನಿಲ್ಲಲು ಒಂದು ವರ್ಷ, ಕೆಲವರಿಗೆ ಒಂದೂವರೆ.

ಒಂದು ಸಂಜೆ ಎದುರುಮನೆಯಾಕೆ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ಸೆರಗಿನೊಳಗೆ ಕೈ ಇಟ್ಟುಕೊಂಡು, "ಇಲ್ಲೊಂದು ಗಂಟು ಅಕ್ಕಾ. ನಾಳೆ ಬಂದ್ರೆ ಕೊಯ್ದು ತೆಗೀತೀವಿ ಅಂದವ್ರೆ," ಎನ್ನುತ್ತಾಳೆ.

ಅಕ್ಕ ಅವಳನ್ನು ಒಳಗೆ ಕರೆದು ಬಾಗಿಲು ಹಾಕುತ್ತಾಳೆ. ರವಿಕೆಯ ಗುಂಡಿ ಬಿಚ್ಚಿ ತನ್ನ ಗೆರೆ ತೋರಿಸುತ್ತಾಳೆ. "ಕೊಯ್ಯೋಕೆ ಮೊದ್ಲು ಸೂಜಿ ಹಾಕಿ ನೋಡ್ಬೇಕು. ಆಮೇಲೆ ಪೆನ್ನು ಹಿಡಿದು ಬಂದಾಗ ಎದ್ದು ಕೂತ್ಕೋ. ಗೆರೆ ಎಲ್ಲಿಗೆ ಬರ್ತೈತೆ, ಯಾಕೆ ಅಲ್ಲಿಗೇ ಬರ್ತೈತೆ ಅಂತ ಕೇಳು. ನಾಚ್ಕೋಬೇಡ. ರವಿಕೆ ತಗೊಂಡೋಗು."

ಆಮೇಲೆ ನಿಮ್ಮ ಕಡೆ ತಿರುಗಿ, "ದೇವನಹಳ್ಳಿ ಮೇಲೆ ಹೋಗೋ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ, ಕೇಳ್ಕೊಂಡು ಬಾ. ನಾನೂ ಬರ್ತೀನಿ," ಎನ್ನುತ್ತಾಳೆ.