ಅಪ್ಪನ ಕೈ ನಡುಗಿರಲಿಲ್ಲ

ಕಳೆದ ಬೇಸಿಗೆಯಲ್ಲಿ ಅಪ್ಪ ತೋಟದಿಂದ ಕಾಯಿ ಚೀಲ ತರುವಾಗ ಹಳ್ಳದ ಏರಿನಲ್ಲಿ ಬೈಕಿನ ಸಮೇತ ಬಿದ್ದರು. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೆ. "ಅರ್ಧ ಎಕ್ಸಲೇಟರ್ ಕೊಟ್ಟಾಗ ಗಾಡಿ ಜಗ್ಗಿಬಿಡ್ತು ಕಣ್ರೋ" ಅಂದರು. ನಾವು ಅಣ್ಣತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಪ್ಪನಿಗೆ ಅರವತ್ತೆಂಟು. ಕೈ ನಡುಗುತ್ತಿರಬೇಕು ಅಂತ ನಾವೇ ತೀರ್ಮಾನ ಮಾಡಿ ಕೀಯನ್ನು ಬೀರುವಿನಲ್ಲಿಟ್ಟೆವು. ಅಪ್ಪ ಮಾತಾಡಲಿಲ್ಲ. ಮರುದಿನದಿಂದ ತೋಟಕ್ಕೆ ನಡೆದೇ ಹೋದರು.

ವಾರ ಕಳೆದ ಮೇಲೆ ಅದೇ ಬೈಕಿನಲ್ಲಿ ನಾವು ತೋಟಕ್ಕೆ ಹೋದೆವು. ಅದೇ ಏರು, ಅದೇ ಜಗ್ಗಾಟ. ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಂತು, ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು. ನಮ್ಮ ಕೈಯೇನೂ ನಡುಗುತ್ತಿರಲಿಲ್ಲ.

ಕೆ.ಬಿ. ಕ್ರಾಸಿನ ಹತ್ತಿರ ಒಬ್ಬರು ಮೆಕ್ಯಾನಿಕ್‌ಗೆ ಕೊಟ್ಟೆವು. ಪ್ಲಗ್ ಹೊಸದು, ಆಯಿಲ್ ಹೊಸದು, ಏರ್ ಫಿಲ್ಟರ್ ಕ್ಲೀನು. ಬಿ.ಎಚ್. ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ಬಂದು, "ಫುಲ್ ಕೊಟ್ಟು ನೋಡ್ದೆ ಅಣ್ಣ, ಬಾಣದಂಗೆ ಹೋಗ್ತದೆ" ಅಂದರು. ಸುಳ್ಳಲ್ಲ. ಫುಲ್ ಕೊಟ್ಟರೆ ಗಾಡಿ ಸರಿಯಾಗೇ ಇತ್ತು. ಆದರೆ ತೆಂಗಿನ ತೋಟದಲ್ಲಿ ಯಾರು ಫುಲ್ ಕೊಡುತ್ತಾರೆ? ಬದುವಿನ ಮೇಲೆ, ಬಿದ್ದ ಗರಿ, ಮಟ್ಟೆಗಳ ನಡುವೆ, ಹಿಂದೆ ಚೀಲ ಕಟ್ಟಿಕೊಂಡು ನಾವು ಓಡಿಸುವುದೆಲ್ಲ ಅರ್ಧ ಎಕ್ಸಲೇಟರಿನಲ್ಲೇ.

ಪೆಟ್ರೋಲೇ ಸರಿಯಿಲ್ಲ, ಎಥನಾಲ್ ಬೆರೆಸುತ್ತಾರೆ ಅಂತ ಊರಲ್ಲಿ ಹೇಳಿದವರೂ ಇದ್ದರು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೂ ಒಗ್ಗುವುದಿಲ್ಲ ಅನ್ನುವುದು ನಿಜ. ಆದರೆ ಅದೇ ಬಂಕಿನಲ್ಲಿ ಹಾಕಿಸುವ ಪಕ್ಕದ ಮನೆಯವರ ಬೈಕು ಆರಾಮಾಗಿ ಓಡುತ್ತಿತ್ತು.

ಆಗ ಅಪ್ಪ ಮೊದಲ ದಿನ ಹೇಳಿದ್ದ "ಅರ್ಧ" ಅನ್ನುವ ಮಾತು ನೆನಪಾಯಿತು. ಹಳೆಯ ಕಾರ್ಬೊರೇಟರಿನಲ್ಲಿ ಪೆಟ್ರೋಲು ಒಂದೇ ದಾರಿಯಲ್ಲಿ ಬರುವುದಿಲ್ಲ. ಶುರುವಿನಿಂದ ಹೆಚ್ಚುಕಮ್ಮಿ ಕಾಲು ಭಾಗದವರೆಗೆ ಪೈಲಟ್ ಜೆಟ್‌ನದು ಕಾರುಬಾರು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಲ್ಲಿ ನೇತಾಡುವ ಸೂಜಿ. ಅದರಾಚೆ ಮೇನ್ ಜೆಟ್. ಹಾಗಾಗಿ ತೊಂದರೆ ಎಷ್ಟು ತಿರುಗಿಸಿದಾಗ ಬರುತ್ತದೆ ಅಂತ ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದಂತೆ.

ಎಕ್ಸಲೇಟರ್ ಹಿಡಿಗೆ ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕಿದೆವು. ಅದೇ ಏರಿನಲ್ಲಿ ಒಂದೇ ಗೇರಿನಲ್ಲಿ ಓಡಿಸಿದೆವು. ಮುಕ್ಕಾಲು ದಾಟಿದರೆ ತೊಂದರೆಯಿಲ್ಲ. ಕಾಲಿನಿಂದ ಅರ್ಧದೊಳಗೆ ಮಿಸ್ಸಿಂಗ್. ಅಲ್ಲೇ ಚೋಕ್ ಸ್ವಲ್ಪ ಎಳೆದೆವು. ಜಗ್ಗಾಟ ನಿಂತಿತು! ಚೋಕ್ ಎಳೆದಾಗ ಸರಿಹೋದರೆ ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ ಅಂತ ಅರ್ಥ. ಇನ್ನೂ ಕೆಟ್ಟರೆ ಪೆಟ್ರೋಲೇ ಜಾಸ್ತಿ. ಪ್ಲಗ್ ಬಿಚ್ಚಿದರೆ ಅದೂ ಅದನ್ನೇ ಹೇಳಿತು. ಕಾಯಿ ಚಿಪ್ಪಿನ ಕಂದು ಬಣ್ಣ ಇರಬೇಕಾದ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಜೆಟ್ ಬಿಚ್ಚಿ ತೊಳೆದು ಜೋಡಿಸಿದೆವು. ಬದಲಾಗಲಿಲ್ಲ. ಹಾಗಾದರೆ ಬೇರೆಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಇಂಜಿನ್ ಸ್ಲೋನಲ್ಲಿ ಬಿಟ್ಟು, ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನ ಸುತ್ತ ಸೋಪಿನ ನೀರು ಹನಿಸಿದೆವು. (ಇದಕ್ಕೆ ಪೆಟ್ರೋಲು ಹನಿಸುವವರೂ ಇದ್ದಾರೆ. ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತುತ್ತದೆ, ಬೇಡ.) ಕೆಳಭಾಗಕ್ಕೆ ಹನಿ ಬಿದ್ದ ತಕ್ಷಣ ಇಂಜಿನ್ ಸದ್ದು ಬದಲಾಯಿತು. ರಬ್ಬರ್ ಬಿಚ್ಚಿ ಬಗ್ಗಿಸಿದರೆ ಉಗುರಿನಷ್ಟು ಬಿರುಕು. ಎಕ್ಸಲೇಟರ್ ಕಮ್ಮಿ ಇದ್ದಾಗ ಇಂಜಿನ್ ಜೋರಾಗಿ ಹೀರುತ್ತದೆ, ಬಿರುಕಿನಿಂದ ಗಾಳಿ ನುಗ್ಗುತ್ತದೆ. ಪೂರ್ತಿ ತೆರೆದಾಗ ದೊಡ್ಡ ಬಾಗಿಲಿನಿಂದಲೇ ಬೇಕಾದಷ್ಟು ಗಾಳಿ ಬರುವುದರಿಂದ ಈ ಸಣ್ಣ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಗೊತ್ತಾಗದೇ ಇದ್ದದ್ದು ಅದಕ್ಕೇ.

ತಿಪಟೂರಿನಲ್ಲಿ ಹೊಸ ರಬ್ಬರಿಗೆ 150 ರೂಪಾಯಿ. ಜಗ್ಗಾಟ ಹೋಯಿತು. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಬೈಕುಗಳು ಬಹುತೇಕ ಇಂಜೆಕ್ಷನ್‌ನವು, ಅವಕ್ಕೆ ಈ ಚೋಕ್ ಲೆಕ್ಕ ನಡೆಯುವುದಿಲ್ಲ. ಹಳೆಯ ಗಾಡಿ ಇರುವವರು ಕಾಸು ಖರ್ಚು ಮಾಡುವ ಮುಂಚೆ ಒಮ್ಮೆ ಹೀಗೆ ನೋಡಿ. ಮೆಕ್ಯಾನಿಕ್‌ಗೆ ಕೊಟ್ಟರೂ "ಮಿಸ್ಸಿಂಗ್" ಅಂತಷ್ಟೇ ಹೇಳಬೇಡಿ. ಎಷ್ಟು ತಿರುಗಿಸಿದಾಗ, ಎಂಥ ದಾರಿಯಲ್ಲಿ, ಎಷ್ಟು ಭಾರ ಇದ್ದಾಗ ಅಂತ ಹೇಳಿ.

ವರದಿಗೆ ಹೋದ ಊರಲ್ಲೆಲ್ಲ ಹತ್ತಾರು ಪ್ರಶ್ನೆ ಕೇಳುವ ನಾವು ಮನೆಯಲ್ಲಿ ಅಪ್ಪನಿಗೆ ಒಂದೂ ಕೇಳಿರಲಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಸುಲಿಯುವ ಮುಂಚೆ ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಡಗಡ ಅನ್ನುತ್ತದೋ ಇಲ್ಲವೋ ಅಂತ ಕೇಳಿ ತಿಳಿಯುವ ಮನುಷ್ಯ ಅವರು. ಗಾಡಿಯ ಸದ್ದು ಅವರಿಗೆ ತಿಳಿಯುವುದಿಲ್ಲವೆ?

ಕೀ ವಾಪಸ್ ಕೊಟ್ಟಾಗ ಅಪ್ಪ, "ನಾನ್ ಹೇಳ್ಲಿಲ್ವಾ" ಅಂತ ಕೂಡ ಅನ್ನಲಿಲ್ಲ. ಹಿಡಿಯ ಮೇಲಿನ ಟೇಪು ನೋಡಿ, "ಇದನ್ನ ಹಂಗೇ ಬಿಡಿ" ಅಂದು ಗಾಡಿ ಸ್ಟಾರ್ಟ್ ಮಾಡಿದರು.