ಡಬ್ಬದೊಳಗೊಂದು ಕಾರು

ಓಡುವ ಕಾರನ್ನು ಒಂದು ಡಬ್ಬದೊಳಗೆ ತುಂಬಿ, ಆ ಡಬ್ಬವನ್ನು ಟ್ರಕ್ಕಿನ ಬಾಲಕ್ಕೆ ಸಿಕ್ಕಿಸಿ ಎಳೆದುಕೊಂಡು ಹೋಗೋದು ಯಾಕೆ? ಸುಮ್ಮನೆ ಓಡಿಸಿಕೊಂಡು ಹೋದರೆ ಆಗಲ್ವಾ? ಅಮೆರಿಕಕ್ಕೆ ಬಂದ ಹೊಸತರಲ್ಲಿ ಹೈವೇ ಮೇಲೆ ಮುಚ್ಚಿದ ಟ್ರೈಲರುಗಳನ್ನು ಕಂಡಾಗೆಲ್ಲ ನನಗೆ ಹೀಗೇ ಅನ್ನಿಸುತ್ತಿತ್ತು. ಮಿಶಿಗನ್ನಿನಲ್ಲಿ ಎರಡು ಚಳಿಗಾಲ ಕಳೆದ ಮೇಲೆ ಉತ್ತರ ತಾನಾಗೇ ಸಿಕ್ಕಿತು. ಇಲ್ಲಿ ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪು ಬೀಳುತ್ತದೆ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಎರಚಿ, ತಳದ ತಗಡನ್ನು ಗೆದ್ದಲು ತಿಂದ ಹಾಗೆ ತಿಂದು ಹಾಕುತ್ತದೆ. ಒಂದು ಕಾರನ್ನು ಮಗುವಿನ ಹಾಗೆ ಸಾಕಿದವರು ಅದನ್ನು ಆ ರಸ್ತೆಗೆ ಇಳಿಸಲು ಒಪ್ಪುವುದಿಲ್ಲ ಬಿಡಿ.

ನಮ್ಮ ಪಕ್ಕದ ಮನೆಯ ಅಜ್ಜ ಅಂಥವರು. ಜೀವಮಾನವಿಡೀ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ವಯಸ್ಸು ಎಂಬತ್ತರ ಹತ್ತಿರ. ಅವರ ಗ್ಯಾರೇಜಿನಲ್ಲಿ 1967ರ ಫೋರ್ಡ್ ಮಸ್ಟಾಂಗ್ ಇತ್ತು. ಹೆಂಡತಿ ತೀರಿಕೊಂಡು ಮೂರು ವರ್ಷ. ಇನ್ನು ಮನೆ ಮಾರಬೇಕು, ಕಾರನ್ನು ಟೆನ್ನೆಸಿಯ ನಾಕ್ಸ್‌ವಿಲ್ಲಿನಲ್ಲಿರುವ ಮೊಮ್ಮಗಳಿಗೆ ಕೊಡಬೇಕು ಅಂತ ನವೆಂಬರಿನಲ್ಲಿ ತೀರ್ಮಾನ ಮಾಡಿದರು. ಸುಮಾರು 500 ಮೈಲಿ. ಟ್ರಕ್ ತಾನೇ ಓಡಿಸುತ್ತೇನೆ, ಅದರಲ್ಲಿ ಮಾತೇ ಇಲ್ಲ ಎಂದರು. ಆದರೆ ಮಂಡಿ ಎರಡೂ ಕೈಕೊಟ್ಟಿದ್ದವು. ಕಾರಿನ ಕೆಳಗೆ ತೂರಿ ಕಟ್ಟುವುದಕ್ಕೊಬ್ಬರು ಬೇಕಿತ್ತು. ಬೇಲಿಯ ಆಚೆಯಿಂದ ನನ್ನನ್ನು ಕರೆದರು.

ಟ್ರೈಲರನ್ನು ಹೊರಗಿನಿಂದ ನೋಡಿದರೆ ಆನೆಯನ್ನೇ ತುಂಬಬಹುದು ಅನ್ನಿಸುತ್ತದೆ. ಹೊರಗಿನ ಅಗಲ ಎಂಟೂವರೆ ಅಡಿ, ಅಂದರೆ 102 ಇಂಚು. ಒಳಗೆ ಹೋದರೆ ಕಥೆಯೇ ಬೇರೆ. ಟ್ರೈಲರಿನ ಚಕ್ರಗಳ ಮೇಲಿನ ಡಬ್ಬಗಳು ಎರಡೂ ಕಡೆಯಿಂದ ಒಳಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ನಡುವೆ ಉಳಿಯುವುದು ಸುಮಾರು 82 ಇಂಚು. ಮಸ್ಟಾಂಗಿನ ಅಗಲ 71 ಇಂಚು. ಆ ಜಾಗದಲ್ಲಿ ಒಂದೊಂದು ಪಕ್ಕಕ್ಕೆ ಐದೂವರೆ ಇಂಚು, ಒಂದು ಗೇಣೂ ಇಲ್ಲ! ಕಾರಿನ ಬಾಗಿಲು ಪೂರ್ತಿ ತೆರೆಯುವ ಪ್ರಶ್ನೆಯೇ ಇಲ್ಲ. ಒಳಗೆ ಓಡಿಸಿಕೊಂಡು ಹೋದವನು ಕಿಟಕಿಯಿಂದ ಹಾವಿನ ಹಾಗೆ ಹೊರಬರಬೇಕು. ಅದಕ್ಕಿಂತ ದೊಡ್ಡ ತೊಂದರೆ ಹೊಗೆ. ಮುಚ್ಚಿದ ಡಬ್ಬದಲ್ಲಿ ಹಳೇ ಎಂಜಿನ್ ಓಡಿದರೆ ಕಾರ್ಬನ್ ಮೋನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಹಾಗಾಗಿ ಎಂಜಿನ್ ಆಫ್, ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲು ಕಾಲು ಟ್ಯಾಂಕಿಗಿಂತ ಕಡಿಮೆ. ಕಾರನ್ನು ಎಳೆದುಕೊಳ್ಳುವುದು ಮುಂದಿನ ಗೋಡೆಯ ಹತ್ತಿರವಿರುವ ವಿಂಚ್.

ಇಕ್ಕಟ್ಟಿನ ಟ್ರೈಲರಿನ ಮೊದಲ ಗುಟ್ಟನ್ನು ಅಜ್ಜ ಅಂಗಳದಲ್ಲೇ ಹೇಳಿಕೊಟ್ಟರು: ಒಳಗೆ ಮಾಡಲಾಗದ ಕೆಲಸವನ್ನು ಹೊರಗೇ ಮುಗಿಸು. ಕಾರು ಇನ್ನೂ ನೆಲದ ಮೇಲಿರುವಾಗಲೇ ಹಿಂದಿನ ಆಕ್ಸಲ್ಲಿಗೆ ಎರಡು, ಮುಂದಿನ ಚಕ್ರಗಳ ಹತ್ತಿರದ ಕೆಳ ಆರ್ಮ್‌ಗಳಿಗೆ ಎರಡು ಪಟ್ಟಿ ಸುತ್ತಿದೆ. ಬ್ರೇಕಿನ ಕೊಳವೆ ಪಟ್ಟಿಯ ಕೆಳಗೆ ಸಿಕ್ಕಿಕೊಳ್ಳಬಾರದು, ಅದೊಂದನ್ನು ಮೂರು ಸಲ ನೋಡಿಸಿದರು.

ಚೌಕಟ್ಟಿಗೋ ಬಂಪರಿಗೋ ಕಟ್ಟಿದರೆ ಸುಲಭವಲ್ಲವೇ ಅಂತ ಕೇಳಿದೆ. ಅದಕ್ಕೆ ಅವರು ಕಾರಿನ ಬಾನೆಟ್ಟನ್ನು ಅಂಗೈಯಿಂದ ಒತ್ತಿ ಬಿಟ್ಟರು. ಕಾರು ತೂಗಿತು. ಅಷ್ಟೇ ಉತ್ತರ! ಮೈ ಸ್ಪ್ರಿಂಗಿನ ಮೇಲೆ ಕೂತಿದೆ. ಮೈಗೆ ಕಟ್ಟಿದರೆ ರಸ್ತೆಯ ಒಂದೊಂದು ಕುಲುಕಿಗೂ ಕಾರು ತಗ್ಗುತ್ತದೆ, ಪಟ್ಟಿ ಸಡಿಲವಾಗುತ್ತದೆ, ಸಡಿಲವಾದ ಕ್ಷಣದಲ್ಲಿ ಕೊಕ್ಕೆ ಕಳಚಿಕೊಳ್ಳಬಹುದು. ಆಕ್ಸಲ್ಲಿಗೆ ಕಟ್ಟಿದರೆ ಚಕ್ರಗಳು ಅಲುಗದೆ ನಿಲ್ಲುತ್ತವೆ, ಮೈ ತನ್ನ ಪಾಡಿಗೆ ಮೇಲೆ ಕುಣಿದುಕೊಂಡಿರುತ್ತದೆ.

ಆಮೇಲೆ ಎಳೆತ. ಅಜ್ಜ ರಿಮೋಟ್ ಹಿಡಿದರು, ನಾನು ಟ್ರೈಲರಿನ ಪಕ್ಕದ ಬಾಗಿಲಿಂದ ಇಣುಕುತ್ತಾ "ಸ್ವಲ್ಪ... ಸ್ವಲ್ಪ... ಸಾಕು" ಅಂತಿದ್ದೆ. ಎಲ್ಲಿ ಸಾಕು ಅನ್ನುವುದು ಅಂದಾಜಿನ ವಿಷಯವಲ್ಲ. ಟ್ರೈಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅದರ ಮೂತಿಯ ಮೇಲೆ, ಅಂದರೆ ಟ್ರಕ್ಕಿಗೆ ಸಿಕ್ಕಿಸುವ ಜಾಗದಲ್ಲಿ ಬೀಳಬೇಕು. ನಮ್ಮದು ಕಾರು 2,800 ಪೌಂಡ್, ಖಾಲಿ ಟ್ರೈಲರು 3,500. ಹಾಗಾದರೆ ಮೂತಿಗೆ 630ರಿಂದ 945. ಕಡಿಮೆಯಾದರೆ ವೇಗದಲ್ಲಿ ಟ್ರೈಲರು ನಾಯಿಬಾಲದ ಹಾಗೆ ಅಲ್ಲಾಡಲು ಶುರುಮಾಡುತ್ತದೆ, ಟ್ರಕ್ಕನ್ನೂ ಜೊತೆಗೆ ಎಳೆದು ಬೀಳಿಸಬಹುದು. ಅಜ್ಜ ಇದನ್ನು ವಿವರಿಸಲು ಹೊರಟಾಗ ನನಗೆ ಪಾಠವೇ ಬೇಕಾಗಲಿಲ್ಲ. ನಮ್ಮೂರಲ್ಲಿ ಹುಲ್ಲಿನ ಗಾಡಿ ಹೇರುವಾಗ ಇದೇ ಮಾತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ಉರುಳು, ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನೇ ಜಜ್ಜುತ್ತದೆ. ಎತ್ತಿನ ಗಾಡಿಯ ವಿಷಯ ಹೇಳಿದೆ. ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ ಹತ್ತು ನಿಮಿಷ ವಿಂಚ್ ನಿಲ್ಲಿಸಿ ನೊಗ ಹೇಗಿರುತ್ತದೆ ಅಂತ ಕೇಳಿದರು! ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟು ಮುಂದೆ ಹಿಂದೆ ಸರಿಸಿ, 800ರ ಆಸುಪಾಸಿಗೆ ತಂದು ನಿಲ್ಲಿಸಿದೆವು. ಇಳಿಸಿಟ್ಟಿದ್ದ ಕಿಟಕಿಯಿಂದ ಅರ್ಧ ಮೈ ತೂರಿಸಿ ಗೇರ್ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದೆ.

ಇನ್ನು ಕಟ್ಟುವುದು. ಎರಡು ಇಂಚಿನ ಪಟ್ಟಿಯ ಮೇಲೆ 10,000 ಪೌಂಡ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಹರಿದುಹೋಗುವ ಭಾರ. ನಂಬಬೇಕಾದದ್ದು ಅದರ ಮೂರನೇ ಒಂದು ಪಾಲು, 3,333. ಅದೂ ಚೀಟಿಯಲ್ಲೇ ಇರುತ್ತದೆ, ಚಿಕ್ಕದಾಗಿ. ನೆಲದ ಬಳೆಯೂ ಅಷ್ಟನ್ನು ತಡೆಯಬೇಕು. ಬರೀ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದ ಬಳೆ ಶೋಕಿಗಷ್ಟೇ, ಬೋಲ್ಟು ಕೆಳಗಿನ ಕಬ್ಬಿಣದ ತನಕ ಇಳಿದಿರಬೇಕು. ಮುಂದಿನ ಪಟ್ಟಿಗಳು ಮುಂದಕ್ಕೆ ಎಳೆಯುತ್ತವೆ, ಹಿಂದಿನವು ಹಿಂದಕ್ಕೆ. ಹಿಂದಿನವನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಕಿದರೆ ಕಾರು ಪಕ್ಕಕ್ಕೂ ಜಾರುವುದಿಲ್ಲ. ಒಟ್ಟಿನಲ್ಲಿ ಹಗ್ಗಜಗ್ಗಾಟ. ಎರಡು ಪಕ್ಷವೂ ಸಮಬಲವಾದಾಗ ನಡುವಿನದು ಅಲುಗುವುದಿಲ್ಲ. ಬಿಗಿ ಮಾಡುವ ರಾಚೆಟ್‌ಗಳನ್ನು ಗೋಡೆ ಪಕ್ಕ ಇಟ್ಟರೆ ಹಿಡಿ ತಿರುಗಿಸಲು ಜಾಗವೇ ಸಿಗದು. ಆದ್ದರಿಂದ ನಾಲ್ಕನ್ನೂ ಎರಡು ತುದಿಗಳಿಗೆ ತಂದೆವು: ಎರಡು ಪಕ್ಕದ ಬಾಗಿಲಿನ ಬಳಿ, ಎರಡು ಹಿಂದಿನ ಬಾಗಿಲಿನ ಬಳಿ. ಕಟ್ ಕಟ್ ಕಟ್... ಕೊನೆಗೆ ಚಕ್ರಗಳಿಗೆ ಅಡೆ ಕೊಟ್ಟೆ.

ಕಮರ್ಷಿಯಲ್ ಟ್ರಕ್ಕುಗಳಿಗೆ ಅಮೆರಿಕದ ಕಾನೂನು ಹೇಳುವ ಲೆಕ್ಕ ಹೀಗಿದೆ: ಜೋರಾಗಿ ಬ್ರೇಕ್ ಹಾಕಿದರೆ ಸರಕು ತನ್ನ ಭಾರದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಿದರೂ ಕಟ್ಟು ತಡೆಯಬೇಕು, ಪಕ್ಕಕ್ಕೆ, ಹಿಂದಕ್ಕೆ ಅರ್ಧ ಭಾರ. ಈ ಕಾರಿಗೆ ಮುಂದಕ್ಕೆ 2,240 ಪೌಂಡ್. ನಮ್ಮ ಖಾಸಗಿ ಟ್ರೈಲರಿಗೆ ಆ ಕಾನೂನು ಅನ್ವಯಿಸದಿದ್ದರೂ ಭೌತಶಾಸ್ತ್ರ ಖಾಸಗಿ, ಕಮರ್ಷಿಯಲ್ ಅಂತ ನೋಡುವುದಿಲ್ಲವಲ್ಲ!

ಮೈಕೈಯೆಲ್ಲ ಧೂಳು ಮಾಡಿಕೊಂಡು ಹೊರಗೆ ಬಂದೆ. ಅಜ್ಜ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಅವರಿಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಈ ಟ್ರೈಲರಿನ ಹಿಂದೆ ಬರುವ ಕಾರಿನಲ್ಲಿ ನಿನ್ನ ಮಗಳು ಕೂತಿದ್ದರೆ, ಇಷ್ಟು ಸಾಕಾ?"

ನಾನು ಉತ್ತರ ಹೇಳಲಿಲ್ಲ. ಟಾರ್ಚ್ ತೆಗೆದುಕೊಂಡು ಮತ್ತೆ ಒಳಗೆ ಹೋಗಿ ನಾಲ್ಕೂ ಕೊಕ್ಕೆಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ಬಂದೆ. ಎಲ್ಲ ಸರಿಯಾಗೇ ಇದ್ದವು. "ಸಾಕು" ಅಂದೆ. ಆಗ ರ‍್ಯಾಂಪ್ ಮುಚ್ಚಿದೆವು.

ಮಾರನೇ ದಿನ ಬೆಳಿಗ್ಗೆ ಅವರು ಹೊರಟ ಮೇಲೆ ನನಗೆ ಆಫೀಸಿನಲ್ಲಿ ಕೆಲಸವೇ ಸಾಗಲಿಲ್ಲ. ಐ-75 ರಸ್ತೆ, ಒಹಾಯೊ, ಕೆಂಟಕಿ, ಆಮೇಲೆ ಜೆಲಿಕೊ ಬೆಟ್ಟದ ಇಳಿಜಾರು. ಹೊಸದಾಗಿ ಕಟ್ಟಿದ ಪಟ್ಟಿ ಮೊದಲ ಐವತ್ತು ಮೈಲಿಯಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಅಷ್ಟರೊಳಗೆ ಒಮ್ಮೆ ನಿಲ್ಲಿಸಿ ನೋಡಬೇಕು. ಆಮೇಲೆ 150 ಮೈಲಿಗೊಮ್ಮೆ ಅಥವಾ ಮೂರು ಗಂಟೆಗೊಮ್ಮೆ. ಇದೂ ಟ್ರಕ್ ಡ್ರೈವರುಗಳ ನಿಯಮವೇ. ಟೊಲೀಡೊ ಬರುವ ಮೊದಲೇ ಅಜ್ಜನ ಫೋನ್ ಬಂತು. ಸ್ಟೂಲ್ ಹಾಕಿಕೊಂಡು ಕೂತು ನಾಲ್ಕನ್ನೂ ನೋಡಿದರಂತೆ. ಹಿಂದಿನ ಎರಡು ಒಂದೊಂದು ಹಲ್ಲು ಬಿಗಿಯಾದವಂತೆ. ಮಂಡಿ ಬಗ್ಗಿಸಬೇಕಾಗಲಿಲ್ಲ.

ಯಾವುದನ್ನಾದರೂ ಕಟ್ಟಿ ಕಳಿಸುವಾಗ ಗಂಟು ಎಷ್ಟು ಗಟ್ಟಿ ಅಂತ ನೋಡುತ್ತೇವೆ. ದಾರಿಯಲ್ಲಿ ಅದನ್ನು ನೋಡಿಕೊಳ್ಳುವವರ ಕೈಗೆ ಎಟುಕುತ್ತದಾ ಅಂತಲೂ ನೋಡಬೇಕು ಅನ್ನೋದು ನಾನು ಆ ದಿನ ಕಲಿತದ್ದು. ಮಸ್ಟಾಂಗ್ ಈಗ ನಾಕ್ಸ್‌ವಿಲ್ಲಿನಲ್ಲಿದೆ. ಮೊಮ್ಮಗಳು ಫೋಟೋ ಕಳಿಸಿದ್ದಾಳೆ. ಸ್ಟೀರಿಂಗಿನ ಹಿಂದೆ ಅವಳು, ಪಕ್ಕದ ಸೀಟಿನಲ್ಲಿ ಅಜ್ಜ, ಕಾರಿನ ಎರಡೂ ಬಾಗಿಲು ಪೂರ್ತಿ ತೆರೆದಿವೆ.